ಲೋಗೊದ ಆಕಾರ ಏನು ಹೇಳುತ್ತದೆ? ಗಿರಾಕಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಲೋಗೊ, ಲೇಬಲ್, ಬೋರ್ಡುಗಳ ಕೆಲಸ ಮಾಡಿಕೊಂಡು ಬಂದಿದ್ದೇನೆ. ಬಂದವರು ಮೊದಲು ಕೇಳುವುದು ಬಣ್ಣದ ಬಗ್ಗೆ. ಆಕಾರದ ಮಾತು ಹೊರಡುವುದು ಮೇಜಿನ ಮೇಲೆ ಮೂರು ನಮೂನೆ ಹರಡಿದ ಮೇಲೆ: "ಎಲ್ಲಾ ಸರಿ ಇದೆ, ಆದರೆ ಯಾಕೋ ನಮ್ಮ ಅಂಗಡಿಯ ಹಾಗೆ ಕಾಣುತ್ತಿಲ್ಲ." ಆ 'ಯಾಕೋ' ಎಂಬುದು ಹೆಚ್ಚಾಗಿ ಒಂದು ಮೂಲೆಯಲ್ಲೋ ಒಂದು ತಿರುವಿನಲ್ಲೋ ಕುಳಿತಿರುತ್ತದೆ. ಅದನ್ನು ಹುಡುಕುವಾಗ ಎದ್ದ ಪ್ರಶ್ನೆಗಳು ಇಲ್ಲಿವೆ.

ದುಂಡಗಿದ್ದರೆ ಮೃದು, ಚೂಪಾಗಿದ್ದರೆ ಗಟ್ಟಿ ಎನ್ನುತ್ತಾರೆ. ನಿಜವೇ, ಇಲ್ಲ ಡಿಸೈನರುಗಳ ಮಾರಾಟದ ಮಾತೇ?

ಅರ್ಧ ನಿಜ. ಆ ಅರ್ಧಕ್ಕೆ ಆಧಾರವಿದೆ. 2006ರಲ್ಲಿ ಮೋಶೆ ಬಾರ್ ಮತ್ತು ಮೈಟಲ್ ನೆಟಾ ಎಂಬ ಸಂಶೋಧಕರು ಗಡಿಯಾರ, ಸೋಫಾದಂತಹ ನಿತ್ಯದ ವಸ್ತುಗಳ ಚಿತ್ರಗಳನ್ನು ಜೋಡಿ ಜೋಡಿಯಾಗಿ ಸಿದ್ಧಪಡಿಸಿದರು. ವಸ್ತು ಅದೇ, ಒಂದರ ಅಂಚು ದುಂಡು, ಇನ್ನೊಂದರ ಅಂಚು ಚೂಪು. ಒಂದೊಂದನ್ನೂ ತೋರಿಸಿದ್ದು 84 ಮಿಲಿಸೆಕೆಂಡ್, ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಒಟ್ಟಾರೆಯಾಗಿ ಜನ ದುಂಡು ಅಂಚಿನವನ್ನೇ ಹೆಚ್ಚು ಮೆಚ್ಚಿದರು. ಲೋಗೊಗೆ ಇನ್ನೂ ಹತ್ತಿರದ ಪ್ರಯೋಗ 2016ರದು. ಯುವೆ ಜಿಯಾಂಗ್, ಅಮಿತಾವ ಚಟ್ಟೋಪಾಧ್ಯಾಯ ಮತ್ತು ಸಂಗಡಿಗರು ಒಂದೇ ಶೂವಿನ ಜಾಹೀರಾತಿಗೆ ಕೆಲವರಿಗೆ ದುಂಡು ಲೋಗೊ, ಕೆಲವರಿಗೆ ಕೋನಗಳಿರುವ ಲೋಗೊ ಹಾಕಿ ತೋರಿಸಿದರು. ದುಂಡು ಲೋಗೊ ಕಂಡವರಿಗೆ ಶೂ ಕಾಲಿಗೆ ಹಿತವೆನಿಸಿತು; ಕೋನದ ಲೋಗೊ ಕಂಡವರಿಗೆ ಬಾಳಿಕೆ ಬರುವಂಥದ್ದು ಎನಿಸಿತು. ಶೂ ಮಾತ್ರ ಬದಲಾಗಿರಲಿಲ್ಲ.

ಇನ್ನರ್ಧಕ್ಕೆ ವೋಲ್ವೊ ಬಸ್ಸಿನ ಮುಖ ನೋಡಿ. ಅಲ್ಲಿರುವುದು ವೃತ್ತ, ಅದರ ಮೇಲ್ಬದಿಯಿಂದ ಓರೆಯಾಗಿ ಹೊರಟ ಬಾಣ. ಅದು ಕಬ್ಬಿಣಕ್ಕೆ ಹಿಂದಿನ ಕಾಲದಲ್ಲಿ ಬಳಸುತ್ತಿದ್ದ ಚಿಹ್ನೆ. ಆ ವೃತ್ತವನ್ನು ನೋಡಿ ಯಾರಿಗೂ ದಿಂಬು ನೆನಪಾಗುವುದಿಲ್ಲ. ವೃತ್ತ ತಾನೊಂದೇ ಮೃದುವೂ ಅಲ್ಲ, ಗಟ್ಟಿಯೂ ಅಲ್ಲ. ಗೆರೆಯ ದಪ್ಪ, ಪಕ್ಕದ ಅಕ್ಷರ, ಯಾವ ವಸ್ತುವಿನ ಮೇಲೆ ಕೂತಿದೆ ಎಂಬುದೆಲ್ಲ ಸೇರಿಯೇ ಅದು ಮಾತಾಡುತ್ತದೆ. ಆಕಾರಕ್ಕೆ ಒಂದು ಒಲವು ಇದೆ. ನಿಘಂಟಿನ ಹಾಗೆ ಅರ್ಥ ಇಲ್ಲ. 'ವೃತ್ತ ಎಂದರೆ ಏಕತೆ, ತ್ರಿಕೋನ ಎಂದರೆ ಶಕ್ತಿ' ಎಂದು ಪಟ್ಟಿ ಮಾಡಿ ಹಂಚುವವರ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ.

ಹೆಸರಿನ ಸದ್ದಿಗೂ ಆಕಾರಕ್ಕೂ ಸಂಬಂಧ ಇದೆಯೇ?

ಇದೆ, ಬಹಳ ಸ್ವಾರಸ್ಯದ ಸಂಬಂಧ. ಒಂದು ಮೋಡದಂತಹ ಗುಂಡು ಚಿತ್ರ, ಒಂದು ಒಡೆದ ಗಾಜಿನಂತಹ ಮೊನೆಮೊನೆ ಚಿತ್ರ ತೋರಿಸಿ "ಇವುಗಳಲ್ಲಿ ಬೂಬಾ ಯಾವುದು, ಕಿಕಿ ಯಾವುದು?" ಎಂದು ಕೇಳಿದರೆ ಹೆಚ್ಚಿನವರು ಗುಂಡಗಿರುವುದೇ ಬೂಬಾ ಎನ್ನುತ್ತಾರೆ. ಜರ್ಮನ್ ಮನಶ್ಶಾಸ್ತ್ರಜ್ಞ ವೋಲ್ಫ್‌ಗಾಂಗ್ ಕೋಲರ್ ಬೇರೆ ಪದಗಳನ್ನಿಟ್ಟು ಇದನ್ನು ಬರೆದದ್ದು 1929ರಲ್ಲಿ. ಬೂಬಾ–ಕಿಕಿ ಎಂಬ ಹೆಸರಿನಲ್ಲಿ ಪ್ರಸಿದ್ಧಗೊಳಿಸಿದವರು 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬರ್ಡ್. 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 25 ಭಾಷೆಗಳ 917 ಜನರನ್ನು ಕೇಳಿದಾಗ ಒಟ್ಟು ಶೇ 72ರಷ್ಟು ಉತ್ತರಗಳು ಹೀಗೆಯೇ ಹೊಂದಿಕೊಂಡವು.

ಕನ್ನಡದಲ್ಲಿ ಹೇಳಿ ನೋಡಿ: ಉಂಡೆ, ಗುಂಡು, ಬೋಂಡಾ, ಡುಮ್ಮ. ಬಾಯಿಯೇ ದುಂಡಗಾಗುತ್ತದೆ. ಚಕ್ಕೆ, ಚಿಟಿಕೆ, ಚುಚ್ಚು, ಕಿತ್ತು ಎಂದಾಗ ನಾಲಿಗೆ ಕಡಿದು ಕಡಿದು ನಿಲ್ಲುತ್ತದೆ. ಹಾಗೆಂದು ಇದನ್ನೇ ನಂಬಿ ಕೂರಬೇಡಿ. ಚಕ್ಕುಲಿ ದುಂಡಗಿದೆ, ಚಕ್ರವೂ ದುಂಡಗಿದೆ. 'ಮೊನೆ' ಎಂಬ ಪದ ಬೆಣ್ಣೆಯ ಹಾಗೆ ಜಾರುತ್ತದೆ. ನಾನು ಬಳಸುವುದು ಇಷ್ಟೇ: ಹೆಸರು ಒಂದು ಕಡೆಗೆ, ಆಕಾರ ಇನ್ನೊಂದು ಕಡೆಗೆ ಎಳೆಯುತ್ತಿದ್ದರೆ ಅದಕ್ಕೊಂದು ಕಾರಣ ಇರಬೇಕು. 'ಅಮ್ಮ' ಎಂಬ ಹೆಸರಿನ ಮಗುವಿನ ಬಟ್ಟೆ ಅಂಗಡಿಗೆ ಗರಗಸದ ಹಲ್ಲಿನಂತಹ ಅಕ್ಷರ ಹಾಕಿದರೆ ನೋಡಿದವರು ತಡವರಿಸುತ್ತಾರೆ, ಯಾಕೆಂದು ಅವರಿಗೂ ಗೊತ್ತಾಗುವುದಿಲ್ಲ.

ನಮ್ಮದು ಸಹಕಾರ ಸಂಘ. ದುಂಡು ಲೋಗೊ ಒಗ್ಗಟ್ಟನ್ನು ಸೂಚಿಸುತ್ತದೆ ಅಲ್ಲವೇ?

ಸೂಚಿಸಬಹುದು. ಆದರೆ ನಮ್ಮಲ್ಲಿ ವೃತ್ತಕ್ಕೆ ಇನ್ನೊಂದು ಜನ್ಮ ಇದೆ: ಗುಂಡು ಸೀಲು. ಸುತ್ತಲೂ ಸಂಘದ ಹೆಸರು, ನಡುವೆ ಊರು ಮತ್ತು ಜಿಲ್ಲೆ, ನೇರಳೆ ಶಾಯಿ. ಆ ಮೊಹರು ಬೀಳುವ ತನಕ ಕಾಗದಕ್ಕೆ ಬೆಲೆ ಇಲ್ಲ ಎಂದು ತಲೆಮಾರುಗಳಿಂದ ಕಲಿತಿದ್ದೇವೆ. ಹಾಗಾಗಿ ಹೆಸರನ್ನು ವೃತ್ತದ ಸುತ್ತ ಬಾಗಿಸಿ ಬರೆದ ಲೋಗೊ ಒಗ್ಗಟ್ಟಿಗಿಂತ ಮೊದಲು ಕಚೇರಿಯನ್ನು ನೆನಪಿಸುತ್ತದೆ. ಪತ್ತಿನ ಸಂಘಕ್ಕೆ ಅದು ಒಳ್ಳೆಯದೇ, ಠೇವಣಿ ಇಡುವವರಿಗೆ ಧೈರ್ಯ ಬರುತ್ತದೆ. ಐಸ್‌ಕ್ರೀಮ್ ಅಂಗಡಿಗೆ ಯಾಕೆ?

ಒಗ್ಗಟ್ಟೇ ಬೇಕೆಂದರೆ ಒಂದು ವೃತ್ತಕ್ಕಿಂತ ಹೆಣೆದ ವೃತ್ತಗಳು ಚೆನ್ನಾಗಿ ಹೇಳುತ್ತವೆ. ಆಧುನಿಕ ಒಲಿಂಪಿಕ್ಸ್ ಶುರು ಮಾಡಿಸಿದ ಕೂಬರ್ತ್ಯಾಂ 1913ರಲ್ಲಿ ರೂಪಿಸಿದ ಒಲಿಂಪಿಕ್ ಉಂಗುರಗಳು ಹಾಗೆ. 1932ರಲ್ಲಿ ನಾಲ್ಕು ಜರ್ಮನ್ ಕಾರು ಕಂಪನಿಗಳು ಸೇರಿದಾಗ ಬಂದ, ಇಂದು ಆಡಿ ಕಾರಿನ ಮೇಲಿರುವ ನಾಲ್ಕು ಉಂಗುರಗಳೂ ಹಾಗೆ. ವೃತ್ತವೇ ಆಗಬೇಕೆಂದೂ ಇಲ್ಲ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಈಗಿನ ಲೋಗೊದಲ್ಲಿ ನೀಲಿ, ಹಳದಿ ತ್ರಿಕೋನಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಚೂಪು ಮೂಲೆಗಳೇ, ಆದರೂ ಕಾಣುವುದು ಬಂಧ. ಹೆಣಿಗೆ ಮೂಲೆಯನ್ನು ಗೆದ್ದಿದೆ.

ಚೌಕ?

ನಂಬಿಕೆ, ಸ್ಥಿರತೆ ಎಂದೆಲ್ಲ ಹೇಳುತ್ತಾರೆ. ಚೌಕ ಎಷ್ಟು ಸಾಮಾನ್ಯವೆಂದರೆ ಕಣ್ಣಿಗೆ ಅದು ಆಕಾರವಾಗಿ ಕಾಣುವುದೇ ಇಲ್ಲ, ಚೌಕಟ್ಟಾಗಿ ಕಾಣುತ್ತದೆ. ಒಳಗೆ ಏನಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ತ್ರಿಕೋನ ಅಪಾಯದ ಸಂಕೇತ, ಹಾಕಬೇಡಿ ಎಂದು ಮಗ ಹೇಳುತ್ತಾನೆ.

ನಿಮ್ಮ ಮಗ ರಸ್ತೆ ಫಲಕ ನೋಡಿ ಹೇಳುತ್ತಿದ್ದಾನೆ, ಅಷ್ಟರಮಟ್ಟಿಗೆ ಸರಿ. ಎಚ್ಚರಿಕೆಗೆ ತ್ರಿಕೋನ, ದಾರಿ ಬಿಡಿ ಎನ್ನಲು ತಲೆಕೆಳಗಾದ ತ್ರಿಕೋನ, ನಿಲ್ಲಿ ಎನ್ನಲು ಅಷ್ಟಕೋನ. ನಿಲ್ಲುವ ಫಲಕಕ್ಕೆ ಮಾತ್ರ ಎಂಟು ಮೂಲೆ ಕೊಟ್ಟದ್ದರಿಂದ ಅದನ್ನು ಬೆನ್ನಿನ ಕಡೆಯಿಂದಲೂ ಗುರುತಿಸಬಹುದು, ಕೆಸರು ಮೆತ್ತಿದ್ದರೂ ಗುರುತಿಸಬಹುದು. ಅಕ್ಷರ ಓದಲಾಗದಿದ್ದರೂ ಆಕಾರ ಕೆಲಸ ಮಾಡುತ್ತದೆ.

ಆದರೆ ನಮ್ಮ ದೇಶದಲ್ಲಿ ಅತಿ ಹೆಚ್ಚು ಗೋಡೆಗಳನ್ನೇರಿದ ತ್ರಿಕೋನ ಯಾವುದು? ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಮೊನೆ ಕೆಳಗೆ, ಬಣ್ಣ ಕೆಂಪು. ಪುಸ್ತಕದ ಪ್ರಕಾರ ಇದಕ್ಕಿಂತ ಬೆದರಿಸುವ ಆಕಾರ ಇರಲಿಕ್ಕಿಲ್ಲ. ಆದರೂ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ 'ನಾವಿಬ್ಬರು ನಮಗಿಬ್ಬರು' ಎಂಬ ಸಾಲಿನ ಪಕ್ಕದಲ್ಲಿ ಅದು ಅಪಾಯ ಎಂದು ಹೇಳಲಿಲ್ಲ, ಇಲ್ಲಿ ಬನ್ನಿ ಎಂದಿತು. ಗೋಡೆ ಬರೆಯುವವನಿಗೆ ಮೂರು ಗೆರೆಯ ಕೆಲಸ, ಓದು ಬಾರದವರಿಗೂ ಗುರುತು. ಸುಲಭದಲ್ಲಿ ಬರೆಯಬಹುದಾದ್ದರಿಂದಲೇ ಅದು ಗೆದ್ದಿತು ಎಂದು ನನ್ನ ಅಭಿಪ್ರಾಯ.

ವ್ಯಾಪಾರದಲ್ಲೂ ತ್ರಿಕೋನಕ್ಕೆ ಹಿರಿತನ ಇದೆ. ಬ್ರಿಟನ್ನಿನಲ್ಲಿ 1876ರ ಜನವರಿ 1ರಂದು ಟ್ರೇಡ್‌ಮಾರ್ಕ್ ನೋಂದಣಿ ಶುರುವಾದಾಗ ಒಂದನೇ ಸಂಖ್ಯೆ ಪಡೆದದ್ದು ಬ್ಯಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನ. ಫ್ರೆಂಚ್ ಚಿತ್ರಕಾರ ಎದುವಾರ್ ಮಾನೆ 1882ರಲ್ಲಿ ಬರೆದ ಪ್ಯಾರಿಸ್ಸಿನ ಬಾರಿನ ಚಿತ್ರದಲ್ಲಿ ಆ ತ್ರಿಕೋನದ ಬಾಟಲಿ ಈಗಲೂ ಕಾಣುತ್ತದೆ. ಆದ್ದರಿಂದ ಮಗನಿಗೆ ಹೇಳಿ: ಹಳದಿ ತ್ರಿಕೋನದೊಳಗೆ ಕಪ್ಪು ಚಿತ್ರ ಹಾಕಿದರೆ ವಿದ್ಯುತ್ ಕಂಬ ನೆನಪಾಗುತ್ತದೆ, ಅದನ್ನು ಬಿಡೋಣ, ಉಳಿದ ತ್ರಿಕೋನಗಳ ಮೇಲೆ ತಪ್ಪು ಹೊರಿಸುವುದು ಬೇಡ.

ಬಣ್ಣ ಮುಖ್ಯವೋ ಆಕಾರ ಮುಖ್ಯವೋ?

ತಿಂಡಿ ಪೊಟ್ಟಣ ಕೈಗೆತ್ತಿಕೊಳ್ಳಿ. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ವೃತ್ತ. ಮಾಂಸಾಹಾರಕ್ಕೆ ಮೊದಲು ಕಂದು ಚೌಕದೊಳಗೆ ಕಂದು ವೃತ್ತವೇ ಇತ್ತು. ಅಂದರೆ ಎರಡಕ್ಕೂ ಒಂದೇ ಆಕಾರ, ವ್ಯತ್ಯಾಸ ಬಣ್ಣದಲ್ಲಿ ಮಾತ್ರ. ಕೆಂಪು–ಹಸಿರು ಛಾಯೆಗಳು ಬೇರೆಯಾಗಿ ಕಾಣದವರಿಗೆ ಆ ಎರಡು ಚುಕ್ಕೆಗಳೂ ಹೆಚ್ಚುಕಡಿಮೆ ಒಂದೇ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಮಾಂಸಾಹಾರದ ಗುರುತನ್ನು ಕಂದು ತ್ರಿಕೋನಕ್ಕೆ ಬದಲಿಸಿದವು. ಬಣ್ಣ ಸೋತ ಕಡೆ ಆಕಾರವನ್ನು ಕರೆಸಿದರು.

ನನ್ನ ಅಂಗಡಿಯಲ್ಲಿ ಮೊದಲ ಎರಡು ಸುತ್ತು ನಮೂನೆ ಕಪ್ಪು–ಬಿಳುಪಿನಲ್ಲೇ ತೋರಿಸುವುದಕ್ಕೂ ಇದೇ ಕಾರಣ. ಬಿಲ್ ಪುಸ್ತಕಕ್ಕೆ, ರಬ್ಬರ್ ಸ್ಟಾಂಪಿಗೆ, ಜೆರಾಕ್ಸಿಗೆ ಬಣ್ಣ ಇಲ್ಲ. ಬಣ್ಣ ಬಂದ ಕೂಡಲೇ ಗಿರಾಕಿ ಆಕಾರ ನೋಡುವುದನ್ನು ಬಿಟ್ಟು "ಈ ಹಸಿರು ಸ್ವಲ್ಪ ಗಿಳಿ ಹಸಿರಾಗಲಿ" ಎನ್ನಲು ಶುರು ಮಾಡುತ್ತಾರೆ.

ಒಂದು ಲೋಗೊದಲ್ಲಿ ಆಕಾರ ಬದಲಿಸಿ ಎಲ್ಲ ಬದಲಾದ ಉದಾಹರಣೆ ನಿಮ್ಮ ಕೈಯಲ್ಲೇ ಇದೆಯೇ?

ಇದೆ, ನನ್ನದೇ ತಪ್ಪಿನದು. ಗೇಟು, ಕಿಟಕಿ ಗ್ರಿಲ್ ಮಾಡುವ ಒಬ್ಬರು ಬಂದಿದ್ದರು. ಎಲ್ಲ ವೆಲ್ಡಿಂಗ್ ಅಂಗಡಿಗಳಿಗೂ ಕಿಡಿ, ಗೇರು, ಸುತ್ತಿಗೆ ಇರುತ್ತದೆ, ಇವರದು ಭಿನ್ನವಾಗಿರಲಿ ಎಂದು ಜಾಣತನ ಮಾಡಿದೆ. ಗೇಟಿನ ಬಳ್ಳಿ ವಿನ್ಯಾಸದಿಂದ ಒಂದು ಸುರುಳಿ ತೆಗೆದು, ಅಂಚುಗಳನ್ನೆಲ್ಲ ನುಣುಪು ಮಾಡಿ, ದುಂಡು ಅಕ್ಷರಗಳ ಪಕ್ಕ ಇಟ್ಟೆ. ನನಗೆ ಬಹಳ ಹಿಡಿಸಿತ್ತು. ಅವರು ಕಾಗದವನ್ನು ತೋಳಿನಷ್ಟು ದೂರ ಹಿಡಿದು ನೋಡಿ, "ಸರ್, ಚೆನ್ನಾಗಿದೆ. ಆದರೆ ಬೇಕರಿ ಬೋರ್ಡಿನ ಹಾಗಿದೆ. ಒಳಗೆ ಬಂದು ಯಾರಾದರೂ ಬೆಣ್ಣೆ ಬಿಸ್ಕತ್ತು ಕೇಳಿಯಾರು" ಎಂದರು.

ನಗು ಬಂತು, ನಾಚಿಕೆಯೂ ಆಯಿತು. ಮಾರನೆಯ ದಿನ ಅವರ ಶೆಡ್ಡಿಗೆ ಹೋದೆ. ಕಟಿಂಗ್ ಯಂತ್ರದಲ್ಲಿ ಕಬ್ಬಿಣದ ಪಟ್ಟಿಯ ತುದಿಯನ್ನು 45 ಡಿಗ್ರಿಗೆ ಕೊಯ್ದು, ಇನ್ನೊಂದು ಪಟ್ಟಿಗೆ ತಾಗಿಸಿ ಮೂಲೆ ಕೂಡಿಸುತ್ತಿದ್ದರು. ಆ ಓರೆ ಕೊಯ್ತವೇ ನನಗೆ ಬೇಕಾಗಿದ್ದದ್ದು. ಸುರುಳಿ ಹಾಗೆಯೇ ಇಟ್ಟೆ. ಅದರ ಎರಡು ತುದಿಗಳನ್ನು ಮಾತ್ರ ನುಣುಪು ಬಿಟ್ಟು 45 ಡಿಗ್ರಿಗೆ ಕತ್ತರಿಸಿದೆ, ಅಕ್ಷರಗಳ ತುದಿಗಳಿಗೂ ಅದೇ ಕೊಯ್ತ. ಉಳಿದದ್ದೆಲ್ಲ ಮೊದಲಿನಂತೆಯೇ. ಬೇಕರಿ ಹೋಗಿ ಕಬ್ಬಿಣ ಬಂತು. ಈ ಪುಟದಲ್ಲಿ ಹೇಳುತ್ತಿರುವುದನ್ನೆಲ್ಲ ನನಗೆ ಕಲಿಸಿದ್ದು ಆ ನಾಲ್ಕು ಮಿಲಿಮೀಟರ್ ತುದಿ.

ಬಿಟ್ಟ ಜಾಗವೂ ಆಕಾರವಾಗುತ್ತದೆ ಎನ್ನುತ್ತೀರಲ್ಲ, ಹೇಗೆ?

ಚುಕ್ಕಿ ರಂಗೋಲಿ ಹಾಕುವವರನ್ನು ನೋಡಿದ್ದೀರಲ್ಲ. ಚುಕ್ಕಿ ಇಟ್ಟು ಮುಗಿಸುವಷ್ಟರಲ್ಲೇ ನಮ್ಮ ಕಣ್ಣು ಗೆರೆ ಎಳೆದುಬಿಟ್ಟಿರುತ್ತದೆ. ಇಲ್ಲದ್ದನ್ನು ಪೂರ್ತಿ ಮಾಡುವುದು ಕಣ್ಣಿನ ಚಟ. ಇಟಲಿಯ ಮನಶ್ಶಾಸ್ತ್ರಜ್ಞ ಗಯೆಟಾನೊ ಕನಿಝಾ 1955ರಲ್ಲಿ ಇದನ್ನು ಒಂದು ಚಿತ್ರದಲ್ಲಿ ಹಿಡಿದಿಟ್ಟ: ತುಂಡು ಕತ್ತರಿಸಿದ ಮೂರು ಕಪ್ಪು ಬಿಲ್ಲೆಗಳ ನಡುವೆ, ಯಾರೂ ಬರೆಯದ ಬಿಳಿ ತ್ರಿಕೋನ ಎದ್ದು ಕಾಣುತ್ತದೆ.

1961ರಲ್ಲಿ ಹುಟ್ಟಿದ ವಿಶ್ವ ವನ್ಯಜೀವಿ ನಿಧಿಯ ಪಾಂಡಾ ಈಗ ಇದೇ ಉಪಾಯದಲ್ಲಿ ಬದುಕಿದೆ. ತಲೆಯ ಮೇಲೆ, ಬೆನ್ನಿಗೆ ಗೆರೆಯೇ ಇಲ್ಲ. ಕಪ್ಪು ಮಚ್ಚೆಗಳನ್ನು ನೋಡಿ ನಾವೇ ಪ್ರಾಣಿಯನ್ನು ಪೂರ್ತಿ ಮಾಡಿಕೊಳ್ಳುತ್ತೇವೆ. 1994ರಲ್ಲಿ ಲಿಂಡನ್ ಲೀಡರ್ ಮಾಡಿದ ಫೆಡೆಕ್ಸ್ ಕೊರಿಯರ್ ಕಂಪನಿಯ ಲೋಗೊದ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ನಡುವೆ ಬಿಳಿ ಬಾಣ ಅಡಗಿದೆ. ಎಷ್ಟೋ ಜನ ವರ್ಷಗಟ್ಟಲೆ ನೋಡಿಯೂ ಕಂಡಿರುವುದಿಲ್ಲ, ಒಮ್ಮೆ ಕಂಡರೆ ಬಿಡುವುದಿಲ್ಲ. ಸ್ಟೇಟ್ ಬ್ಯಾಂಕಿನ ನೀಲಿ ವೃತ್ತದ ನಡುವಿನ ಬಿಳಿ ತೂತೂ ಹೀಗೆಯೇ. ಶೇಖರ್ ಕಾಮತ್ ಅದನ್ನು 1971ರಲ್ಲಿ ರೂಪಿಸಿದಾಗಿನಿಂದ ಜನ ಬೀಗದ ಕಣ್ಣು ಎಂದೇ ಓದುತ್ತಾರೆ. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅದರಲ್ಲಿ ವಿಲೀನವಾದಾಗ ನಮ್ಮ ಬೀದಿಗಳ ಬೋರ್ಡುಗಳಲ್ಲೂ ಆ ನೀಲಿ ವೃತ್ತವೇ ಬಂದು ಕೂತಿತು.

ಒಂದು ಎಚ್ಚರಿಕೆ: ಅಡಗಿಸಿದ ಆಕಾರ ಕಾಣದಿದ್ದರೂ ಲೋಗೊ ಪೂರ್ತಿಯಾಗಿರಬೇಕು. "ಇಲ್ಲಿ ನೋಡಿ, ಹೀಗೆ ತಿರುಗಿಸಿದರೆ ನವಿಲು" ಎಂದು ಪ್ರತಿ ಸಲ ನೀವೇ ನಿಂತು ವಿವರಿಸಲು ಆಗುವುದಿಲ್ಲ.

ಎಡಬಲ ಎರಡೂ ಒಂದೇ ತರಹ ಇರಬೇಕೇ?

ನಮ್ಮ ಗಂಡಭೇರುಂಡವನ್ನೇ ತೆಗೆದುಕೊಳ್ಳಿ. ಒಂದು ತಲೆಯ ಹಕ್ಕಿಯನ್ನು ಬದಿಯಿಂದ ಬರೆದರೆ ಅದು ಎಡಕ್ಕೋ ಬಲಕ್ಕೋ ನೋಡಲೇಬೇಕು. ಎರಡು ತಲೆ ಬಂದ ಕೂಡಲೇ ಹಕ್ಕಿ ನಡುವಿಗೆ ಬಂದು ನಿಲ್ಲುತ್ತದೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಅದು ಇತ್ತು, ಮೈಸೂರು ಅರಸರಲ್ಲಿ ಇತ್ತು, ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಎರಡು ಬದಿಗೂ ಒಂದೊಂದು ಶರಭವನ್ನು ನಿಲ್ಲಿಸಿಕೊಂಡಿದೆ. ಅಧಿಕಾರ, ಪರಂಪರೆ, ಅಲುಗದ ನಿಲುವು ಬೇಕಾದ ಕಡೆ ಸಮಮಿತಿ ತಾನಾಗಿ ಬರುತ್ತದೆ. ಓಟ, ವೇಗ, ಹೊಸತನ ಬೇಕೆಂದರೆ ಒಂದು ಕಡೆ ತೂಕ ಹಾಕಬೇಕು. ಎಡದಿಂದ ಬಲಕ್ಕೆ ಓದುವ ನಮಗೆ ಬಲಕ್ಕೆ ಏರುವ ಓರೆ ಮುನ್ನಡೆಯಂತೆ ಕಾಣುತ್ತದೆ. ಬಲದಿಂದ ಎಡಕ್ಕೆ ಓದುವವರಿಗೆ ಹಾಗಲ್ಲ. ಫೆಡೆಕ್ಸಿನ ಅರಬ್ಬಿ ಲೋಗೊದಲ್ಲಿ ಬಾಣ ಎಡಕ್ಕೆ ತಿರುಗಿದೆ. ದುಬೈನಲ್ಲಿ ಅಂಗಡಿ ತೆರೆಯುವ ನಮ್ಮ ಕರಾವಳಿಯವರು ಇದನ್ನು ಗಮನಿಸುವುದು ಒಳ್ಳೆಯದು.

ಇಂಗ್ಲಿಷ್ ಲೋಗೊ ಮಾಡಿಸಿ ಆಮೇಲೆ ಕನ್ನಡ ಸೇರಿಸಿದರೆ ಆಗದೇ?

ಆಗುತ್ತದೆ, ತೇಪೆ ಹಾಕಿದ ಹಾಗೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದ ನಂತರ ನಾಮಫಲಕದ ಶೇ 60ರಷ್ಟು ಜಾಗ ಕನ್ನಡದ್ದು, ಅದೂ ಮೇಲ್ಭಾಗದಲ್ಲಿ. ಇನ್ನು ಕನ್ನಡವನ್ನು ಕೊನೆಗೆ ತುರುಕುವ ಕೆಲಸ ನಡೆಯುವುದಿಲ್ಲ. ಕಾನೂನು ಬಿಡಿ, ಆಕಾರದ ಲೆಕ್ಕದಲ್ಲೇ ಅದು ತಪ್ಪು.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದ ಹೆಸರು ಮೇಲೆ ಕೆಳಗೆ ಸಮನಾದ ಪಟ್ಟಿ. ಕನ್ನಡದ ಹೆಸರು ಹಾಗಲ್ಲ: ಮೇಲೆ ತಲೆಕಟ್ಟು, ಗುಡಿಸುಗಳ ಏರಿಳಿತ, ಕೆಳಗೆ ಜೋತುಬಿದ್ದ ಒತ್ತಕ್ಷರಗಳು. 'ಲಕ್ಷ್ಮೀ' ಎಂದು ಬರೆದು ನೋಡಿ, ಮಾಳಿಗೆಯೂ ಇದೆ, ನೆಲಮಾಳಿಗೆಯೂ ಇದೆ. ಇಂಗ್ಲಿಷಿಗೆಂದು ಮಾಡಿದ ತೆಳು ಪಟ್ಟಿಯೊಳಗೆ ಅದನ್ನು ಕೂರಿಸಲು ಹೋದರೆ ಅಕ್ಷರ ಇರುವೆಯಾಗುತ್ತದೆ, ಇಲ್ಲವೇ ಒತ್ತು ಕತ್ತರಿಸಿ ಹೋಗುತ್ತದೆ.

ಇನ್ನೊಂದು ವಿಷಯ, ನಮ್ಮ ಲಿಪಿಯೇ ದುಂಡು. ತಾಳೆಗರಿಯ ಮೇಲೆ ಕಂಟ ಎಂಬ ಕಬ್ಬಿಣದ ಲೇಖನಿಯಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಅಕ್ಷರ ದುಂಡಗಾಯಿತು ಎಂಬ ವಿವರಣೆ ಪ್ರಚಲಿತ. ಕಾರಣ ಏನೇ ಇರಲಿ, 'ದುಂಡು ಲೋಗೊದಿಂದ ಆತ್ಮೀಯತೆ' ಎಂಬ ಪಾಠವನ್ನು ಇಂಗ್ಲಿಷ್ ಪುಸ್ತಕದಿಂದ ಎತ್ತಿಕೊಂಡು ದುಂಡು ಕನ್ನಡದ ಪಕ್ಕ ದುಂಡು ಚಿಹ್ನೆ, ಅದರ ಸುತ್ತ ದುಂಡು ಚೌಕಟ್ಟು ಹಾಕಿದರೆ ಎಲ್ಲ ಸೇರಿ ಗೋಲಿ ಡಬ್ಬಿ. ಕನ್ನಡದ ಹೆಸರಿನ ಪಕ್ಕ ಒಂದಿಷ್ಟು ನೇರ ಗೆರೆ, ಒಂದು ಗಟ್ಟಿ ಮೂಲೆ ಇದ್ದರೆ ಎರಡೂ ಬೆಳಗುತ್ತವೆ.

ಲಿಪಿಯಲ್ಲೇ ಉಡುಗೊರೆ ಇದೆ. ಗಂಗಾ, ಆನಂದ, ಸಂಗಮ, ಮಂಜುನಾಥ: ಈ ಹೆಸರುಗಳೊಳಗೆ ಒಂದು ಪೂರ್ಣ ವೃತ್ತ ಸಿದ್ಧವಾಗಿ ಕುಳಿತಿದೆ, ಸೊನ್ನೆ. ಅದನ್ನು ಲಾಡು ಮಾಡಬಹುದು, ಸೂರ್ಯ ಮಾಡಬಹುದು, ಬಳೆ ಮಾಡಬಹುದು. ಹೊರಗಿನಿಂದ ಚಿಹ್ನೆ ತರುವ ಅಗತ್ಯವೇ ಬೀಳುವುದಿಲ್ಲ.

ಆದರೆ ಹೊಸತನದ ಹೆಸರಿನಲ್ಲಿ ಅಕ್ಷರದ ಅಂಗ ಕತ್ತರಿಸುವಾಗ ಕೈ ನಡುಗಲಿ. ತಲೆಕಟ್ಟು ತೆಗೆದ 'ರ' ಬರೀ ಬಳೆ. 'ದ' ಮತ್ತು 'ಧ' ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಒಬ್ಬರು ಧನಲಕ್ಷ್ಮಿ ಎಂಬ ಹೆಸರನ್ನು ಬಹಳ ದಪ್ಪ ಅಕ್ಷರದಲ್ಲಿ ಮಾಡಿಸಿಕೊಂಡಿದ್ದರು. ಬೋರ್ಡಿನಲ್ಲಿ ಸರಿಯಾಗಿತ್ತು, ಗೋಣಿಚೀಲದ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದಾಗ ಶಾಯಿ ಹರಡಿ ಸೀಳು ಮುಚ್ಚಿತು. ಸಂತೆಯ ತುಂಬ ದನಲಕ್ಷ್ಮಿ. ಮಾಲು ಪಶು ಆಹಾರ ಆಗಿದ್ದರಿಂದ ಯಾರೂ ತಪ್ಪು ಎಂದುಕೊಳ್ಳಲಿಲ್ಲ ಎನ್ನುವುದು ಬೇರೆ ಮಾತು.

ವಾಟ್ಸಾಪ್ ಚಿತ್ರದಲ್ಲಿ ನಮ್ಮ ಲೋಗೊ ಯಾಕೆ ಅಷ್ಟು ಸಣ್ಣದಾಗಿ ಕಾಣುತ್ತದೆ?

ಅಲ್ಲಿ ಎಲ್ಲವೂ ವೃತ್ತದೊಳಗೆ ಕೂರಬೇಕು. ಲೆಕ್ಕ ಸರಳ: ವೃತ್ತದೊಳಗೆ ಹಿಡಿಸುವ ಅತಿ ದೊಡ್ಡ ಚೌಕ ಅದರ ಶೇ 64ರಷ್ಟು ಜಾಗ ತುಂಬುತ್ತದೆ. ಸಮಬಾಹು ತ್ರಿಕೋನ ತುಂಬುವುದು ಶೇ 41 ಮಾತ್ರ. ಉದ್ದನೆಯ ಹೆಸರಿನ ಪಟ್ಟಿಯ ಪಾಡು ಇನ್ನೂ ಕಷ್ಟ. ಪೂರ್ತಿ ಲೋಗೊ ತುರುಕಬೇಡಿ. ಅದರಿಂದ ಒಂದು ಭಾಗ, ಒಂದು ಅಕ್ಷರ ತೆಗೆದು ಇಡಿ.

ಅಳತೆ ಸರಿ ಇದ್ದರೂ ಕಣ್ಣಿಗೆ ವಕ್ರ ಕಾಣುವುದು ಯಾಕೆ?

ಕಂಪ್ಯೂಟರಿನ ಅಳತೆಗೂ ಕಣ್ಣಿನ ಅಳತೆಗೂ ತಾಳೆಯಿಲ್ಲ. 100 ಮಿಲಿಮೀಟರ್ ಚೌಕದ ಪಕ್ಕ 100 ಮಿಲಿಮೀಟರ್ ವ್ಯಾಸದ ವೃತ್ತ ಇಟ್ಟರೆ ವೃತ್ತ ಬಡವಾಗಿ ಕಾಣುತ್ತದೆ, ಮೂಲೆಗಳ ಜಾಗ ಅದಕ್ಕಿಲ್ಲ. ವಿಸ್ತೀರ್ಣ ಸಮ ಮಾಡಲು ವ್ಯಾಸ 113ರ ಹತ್ತಿರ ಬೇಕು, ಅಷ್ಟು ಮಾಡಿದರೆ ದಡೂತಿ ಎನಿಸುತ್ತದೆ. ನಾನು 106ರಿಂದ ಶುರು ಮಾಡಿ ಕಣ್ಣು ಒಪ್ಪುವ ತನಕ ತಿದ್ದುತ್ತೇನೆ. ವಿಡಿಯೊ ಗುಂಡಿಯ ತ್ರಿಕೋನವೂ ಹಾಗೆಯೇ: ಸರಿಯಾಗಿ ನಡುವೆ ಇಟ್ಟರೆ ಎಡಕ್ಕೆ ಜಾರಿದಂತೆ ಕಾಣುತ್ತದೆ, ಏಕೆಂದರೆ ಅದರ ತೂಕವೆಲ್ಲ ಅಗಲ ಬದಿಯಲ್ಲಿದೆ. ಸ್ವಲ್ಪ ಬಲಕ್ಕೆ ತಳ್ಳಬೇಕು. ಸ್ಕೇಲ್ ಹಿಡಿದು ಬಂದು "ಎರಡು ಮಿಲಿಮೀಟರ್ ಹೆಚ್ಚು ಕಡಿಮೆ ಇದೆ" ಎಂದು ಜಗಳಕ್ಕೆ ನಿಂತ ಗಿರಾಕಿಗಳಿದ್ದಾರೆ. ನಾನು ಎರಡೂ ನಮೂನೆಗಳನ್ನು ಹೆಸರು ಹೇಳದೆ ಮುಂದಿಡುತ್ತೇನೆ. ಸ್ಕೇಲ್ ಜೇಬಿಗೆ ಹೋಗುತ್ತದೆ.

ಸುವರ್ಣ ಅನುಪಾತದಲ್ಲಿ, ಅಂದರೆ ಸುಮಾರು 1:1.6ರ ಪ್ರಮಾಣದಲ್ಲಿ, ಮಾಡಿಕೊಡುತ್ತೀರಾ?

ಇಲ್ಲ. ಪ್ರಸಿದ್ಧ ಲೋಗೊಗಳ ಮೇಲೆ ವೃತ್ತ, ಸುರುಳಿ ಎಳೆದು ತೋರಿಸುವ ಚಿತ್ರಗಳಲ್ಲಿ ಹೆಚ್ಚಿನವು ಲೋಗೊ ಮುಗಿದ ಮೇಲೆ ಬೇರೆಯವರು ಎಳೆದವು. ದಪ್ಪ ಗೆರೆ ಎಳೆದರೆ ಯಾವುದಕ್ಕೆ ಬೇಕಾದರೂ ಹೊಂದುತ್ತದೆ.

ಜನ ನಾವು ಅಂದುಕೊಳ್ಳದ್ದನ್ನು ಲೋಗೊದಲ್ಲಿ ಕಂಡರೆ?

ಕಾಣುತ್ತಾರೆ. ಕೆಲವೊಮ್ಮೆ ಅದು ಲಾಭ. ಬಿಎಂಡಬ್ಲ್ಯು ಚಿಹ್ನೆಯನ್ನು 1917ರಲ್ಲಿ ನೋಂದಾಯಿಸಿದಾಗ ಒಳಗಿದ್ದದ್ದು ಬವೇರಿಯಾದ ನೀಲಿ–ಬಿಳಿ ಬಣ್ಣ. 1929ರ ಒಂದು ಜಾಹೀರಾತು ಅದನ್ನು ವಿಮಾನದ ಮೂತಿಯಲ್ಲಿ ತಿರುಗುವ ಪಂಖದ ಮೇಲೆ ತೋರಿಸಿತು. ಅಂದಿನಿಂದ ಜನರಿಗೆ ಅದು ಪ್ರೊಪೆಲ್ಲರ್. ಕೆಲವೊಮ್ಮೆ ಮೊದಲೇ ತಡೆಯಬೇಕು: 1977ರಲ್ಲಿ ಡಿಸೈನರ್ ರಾಬ್ ಜಾನಾಫ್ ಆ್ಯಪಲ್ ಕಂಪ್ಯೂಟರ್ ಕಂಪನಿಯ ಸೇಬಿಗೆ ಕಚ್ಚಿದ ಗುರುತು ಹಾಕಿದ್ದು, ಅದು ಚೆರಿ ಹಣ್ಣಿನಂತೆ ಕಾಣಬಾರದೆಂದು. ಕೆಲವೊಮ್ಮೆ ಪೊಲೀಸ್ ದೂರಿನ ತನಕ ಹೋಗುತ್ತದೆ. ಬೆಂಗಳೂರಿನ ಮಿಂತ್ರಾ 2021ರ ಜನವರಿಯಲ್ಲಿ ತನ್ನ ಲೋಗೊ ಬದಲಿಸಿದ್ದು, ಅದರ ಆಕಾರ ಮಹಿಳೆಯರಿಗೆ ಅವಮಾನಕರವಾಗಿ ಕಾಣುತ್ತದೆ ಎಂದು ಮುಂಬೈ ಸೈಬರ್ ಪೊಲೀಸರಿಗೆ ದೂರು ಹೋದ ಮೇಲೆ.

ತಲೆಕೆಳಗು ಮಾಡಿ, ಕನ್ನಡಿಯಲ್ಲಿ ಹಿಡಿದು, ಮಸುಕು ಮಾಡಿ ನೋಡಿ. ಕಾಲೇಜು ಹುಡುಗರಿಗೆ ತೋರಿಸಿ, ಬೇರೆಯವರ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬೀಳುತ್ತದೆ.

ಕ್ಲಿನಿಕ್ಕಿಗೆ ಕೆಂಪು ಪ್ಲಸ್ ಹಾಕಬಹುದಲ್ಲ?

ಬೇಡ. ಬಿಳಿಯ ಮೇಲಿನ ಕೆಂಪು ಶಿಲುಬೆ ವೈದ್ಯರ ಗುರುತಲ್ಲ. 1864ರಲ್ಲಿ ಸ್ವಿಸ್ ಧ್ವಜದ ಬಣ್ಣ ಅದಲುಬದಲು ಮಾಡಿ ಯುದ್ಧಭೂಮಿಯ ಶುಶ್ರೂಷೆಗೆಂದು ಸ್ವೀಕರಿಸಿದ ರಕ್ಷಣಾ ಚಿಹ್ನೆ ಅದು. ಭಾರತದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅನುಮತಿಯಿಲ್ಲದ ಬಳಕೆಯನ್ನು ನಿಷೇಧಿಸುತ್ತದೆ. ಊರಿನ ತುಂಬ ಹಾಕಿದ್ದಾರಲ್ಲ ಎನ್ನುತ್ತೀರಿ, ಹಾಕಿದ್ದಾರೆ. ಹಸಿರು ಪ್ಲಸ್ ಹಾಕೋಣ.

ವಿದೇಶಕ್ಕೆ ಅಗರಬತ್ತಿ ಕಳಿಸುತ್ತೇವೆ. ಸ್ವಸ್ತಿಕ ಇರಲಿ ಎನ್ನುತ್ತಾರೆ ತಂದೆಯವರು.

ಊರಿನ ಪೊಟ್ಟಣಕ್ಕೆ ಧಾರಾಳವಾಗಿ ಹಾಕಿ. ಜರ್ಮನಿಗೆ ಹೋಗುವ ಪೊಟ್ಟಣಕ್ಕೆ ಬೇಡ. ಅಲ್ಲಿ ನಾಜಿ ಚಿಹ್ನೆಗಳ ಮೇಲೆ ಕಾನೂನಿನ ನಿಷೇಧವಿದೆ. ನಮ್ಮದು ಬೇರೆ ಅರ್ಥದ್ದು ಎಂದು ಬಂದರಿನಲ್ಲಿ ವಾದಿಸುವಷ್ಟು ಪುರುಸೊತ್ತು ನಿಮಗಿಲ್ಲ. ಕಮಲ ಆಗಬಹುದು, ದೀಪ ಆಗಬಹುದು.

ಬರೀ ಒಂದು ವೃತ್ತವನ್ನು ನಮ್ಮದೆಂದು ನೋಂದಾಯಿಸಬಹುದೇ?

ಬರೀ ವೃತ್ತಕ್ಕೆ ನೋಂದಣಿ ಸಿಗುವುದು ಕಷ್ಟ, ಅದು ನಿಮ್ಮನ್ನು ಬೇರೆಯವರಿಂದ ಗುರುತಿಸಿ ಕೊಡುವುದಿಲ್ಲ. ನಿಮ್ಮದೇ ಹೆಸರು, ನಿಮ್ಮದೇ ತಿರುವು ಇದ್ದರೆ ದಾರಿ ಸಲೀಸು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಸರಕಿನ ಆಕಾರವನ್ನೂ ಗುರುತಾಗಿ ಪರಿಗಣಿಸಲು ಅವಕಾಶವಿದೆ, ಆದರೆ ಸರಕಿನ ಸ್ವಭಾವದಿಂದಲೇ ಬಂದ ಅಥವಾ ತಾಂತ್ರಿಕ ಅಗತ್ಯಕ್ಕೆ ಬಂದ ಆಕಾರಕ್ಕೆ ಇಲ್ಲ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆನ್‌ಲೈನ್ ಶುಲ್ಕ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಸರಕು ಅಥವಾ ಸೇವೆಯ ಒಂದು ವರ್ಗಕ್ಕೆ ₹4,500, ಉಳಿದವರಿಗೆ ₹9,000. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು.

ಅಜ್ಜನ ಕಾಲದ ಲೋಗೊ ಇದೆ. ಈಗಿನ ಕಾಲಕ್ಕೆ ತಕ್ಕಂತೆ ಬದಲಿಸಬೇಕೇ?

ಮೊದಲು ಅದನ್ನು ನನಗೆ ತೋರಿಸಿ. ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭ ಇಂದಿಗೂ ಇದೆ. ಇವತ್ತು ಹೊಸದಾಗಿ ಯಾರಾದರೂ ಅಂಥ ಪ್ರಾಣಿ ಬರೆದು ತಂದರೆ 'ಬಹಳ ಜಟಿಲ, ಸರಳ ಮಾಡಿ' ಎಂದು ವಾಪಸು ಕಳಿಸುತ್ತಾರೆ. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2010ರಲ್ಲಿ ಎಲ್ಲರಿಗೂ ಗೊತ್ತಿದ್ದ ನೀಲಿ ಚೌಕವನ್ನು ಬಿಟ್ಟು ಮೂಲೆಗೊಂದು ಪುಟ್ಟ ಚೌಕ ಅಂಟಿಸಿದ ಹೊಸ ಲೋಗೊ ತಂದು, ಸುಮಾರು ಒಂದು ವಾರದಲ್ಲಿ ಹಿಂದಕ್ಕೆ ತೆಗೆದುಕೊಂಡಿತು.

ಬರುವಾಗ ಹಳೆಯ ಬಿಲ್ಲು, ಸವೆದ ರಬ್ಬರ್ ಸ್ಟಾಂಪು, ಅಜ್ಜ ಬರೆಸಿದ ತಗಡಿನ ಬೋರ್ಡಿದ್ದರೆ ಅದರ ಫೋಟೊ, ಎಲ್ಲ ತನ್ನಿ. ಕೆಲವೊಮ್ಮೆ ಒಂದು ಮೂಲೆ ತಿದ್ದಿದರೆ ಸಾಕಾಗುತ್ತದೆ. ಅಷ್ಟಕ್ಕೆ ನಾನು ದುಡ್ಡು ಕಡಿಮೆ ತೆಗೆದುಕೊಳ್ಳುವುದಿಲ್ಲ.